ತೋಳವಿಲ್ಲದ ಗಂಟು

"ಕಟ್ಟೋದಾದ್ರೆ ಕಟ್ಟು ಮಗಾ. ಆದ್ರೆ ಕಟ್ಟಿದ ಕೈಯೇ ಬಿಚ್ಚಬೇಕು. ಬಿಚ್ಚೋ ತನ್ಕ ಒಂದು ತುತ್ತೂ ಬಾಯಿಗಿಡಬ್ಯಾಡ."

ದೇವಸಮುದ್ರದ ಆಚೆ, ಬಂಡೆಗುಡ್ಡದ ಬುಡದಲ್ಲಿದ್ದ ಕುರಿರೊಪ್ಪದ ಬಾಗಿಲಲ್ಲಿ ಕೂತು ದುರುಗಕ್ಕ ಹೀಗಂದಾಗ ಕಿರಣ್‌ಕುಮಾರ್ ನಕ್ಕ. ಕುರಿ ಕೂಡುವ ಆ ರೊಪ್ಪ ಆಕೆಯದು. ಕಿರಣ್ ಮೈಸೂರಿಂದ ಬಂದವನು, ದೆವ್ವದ ಕಿರುಚಿತ್ರ ಮಾಡಲು ಆ ರೊಪ್ಪವನ್ನು ಬಾಡಿಗೆಗೆ ಹಿಡಿದವನು. ಹಿಂದಿನ ಸಂಜೆ ಆಕೆಯ ಒಂದು ಕುರಿ ಹಿಂಡು ತಪ್ಪಿ ಗುಡ್ಡದಲ್ಲೇ ಉಳಿದಿತ್ತು. ಆಗ ದುರುಗಕ್ಕ ಕರಿ ಉಣ್ಣೆಯ ಹುರಿ ತೆಗೆದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅನ್ನುತ್ತಾ ಗಂಟು ಹಾಕಿದ್ದಳು. ತೋಳದ ಬಾಯಿ ಕಟ್ಟುವುದು ಅಂದರೆ ಅದು. ಗಂಟು ಇರುವ ತನಕ ತೋಳ ಬಾಯಿ ತೆರೆಯಲಾರದು. ಬೆಳಗ್ಗೆ ಕುರಿ ಸಿಕ್ಕಿತು. ಕುರಿಯ ಮೈ ಸವರುವ ಮುಂಚೆ ದುರುಗಕ್ಕ ಗಂಟು ಬಿಚ್ಚಿದಳು. ಕಿರಣ್ ಅದೆಲ್ಲವನ್ನೂ ಕದ್ದು ಮೊಬೈಲಲ್ಲಿ ಹಿಡಿದು, ಗಂಟು ಹಾಕುವ ಬಗೆ ಕಲಿತುಕೊಂಡಿದ್ದ. ಚಿತ್ರದಲ್ಲೂ ಅದೇ ಗಂಟು ಕಟ್ಟುತ್ತೇವೆಂದು ಈಗಷ್ಟೇ ಆಕೆಗೆ ಹೇಳಿದ್ದ.

"ತೋಳಾನೂ ದೇವ್ರ ಮಗನೇ," ಅಂದಳು ದುರುಗಕ್ಕ. "ಬಿಚ್ಚದಿದ್ರೆ ಅದು ಹಸಕೊಂಡು ಸಾಯ್ತೈತೆ. ಆ ಹಸಿವು ಕಟ್ಟಿದೋನ ಮನೆ ಹುಡಿಕ್ಕೊಂಡು ಬರ್ತೈತೆ."

"ನಮ್ಮ ಸಿನಿಮಾದಲ್ಲಿ ತೋಳಾನೇ ಇಲ್ಲ ಅಜ್ಜಿ. ಬರೀ ನಟನೆ."

ಆಕೆ ಅವನ ಮುಖವನ್ನೇ ನೋಡಿದಳು. "ನಂಗೆ ಅದೇ ದಿಗಿಲು. ಗಂಟಿಗೆ ಏನು ಗೊತ್ತು ನಟನೆ? ಕಟ್ಟೋವಾಗ ಯಾವ ಬಾಯಿ ಕಣ್ಮುಂದೆ ಇರ್ತೈತೋ ಅದನ್ನೇ ಬಿಗೀತೈತೆ."

ಕುರಿಗಳನ್ನು ಅಟ್ಟಿಕೊಂಡು ಆಕೆ ಗುಡ್ಡದ ಕಡೆ ಹೋದಳು.

ಹೊರಗೆ ಉರಿಬಿಸಿಲು. ಒಳಗೆ ಅಮಾವಾಸ್ಯೆ ಮಾಡಬೇಕು. ಕಲ್ಲುಗೋಡೆಯ ಕೋಣೆಯ ಬಾಗಿಲಿಗೂ ಕಿಟಕಿಗೂ ಕರಿಕಂಬಳಿ ಬಿಗಿದರು. ಕ್ಯಾಮೆರಾದ ಓಬಳೇಶ್ ನೀಲಿ ದೀಪವೊಂದನ್ನು ನೆಲದ ಮಟ್ಟಕ್ಕೆ ಇಟ್ಟ. ಕೆಳಗಿಂದ ಬೆಳಕು ಬಿದ್ದರೆ ತಾಯಿಯ ಮುಖವೂ ಬೇರೆಯಾಗುತ್ತದೆ. ಹಿಕ್ಕೆಯ ಘಾಟು, ಕಂಬಳಿಯ ಕಮಟು, ಬಾಣಲೆಯಲ್ಲಿ ಹೊಗೆಯಾಡುವ ತೆಂಗಿನನಾರು. ನಡುಹಗಲಿನಲ್ಲಿ, ಒಂದು ಕಂಬಳಿಯಷ್ಟೇ ಅಂತರದಲ್ಲಿ, ಗವ್ವೆನ್ನುವ ರಾತ್ರಿ.

"ದೆವ್ವ ತೋರಿಸಬಾರದು," ಕಿರಣ್ ಪಾಠ ಹೇಳಿದ. "ದೆವ್ವ ನೋಡಿದವರ ಮುಖ ತೋರಿಸಬೇಕು. ಒಂದು ಶಾಟ್‌ನಲ್ಲಿ ಕೈ ಗಂಟು ಹಾಕುತ್ತೆ. ಮುಂದಿನ ಶಾಟ್‌ನಲ್ಲಿ ಹೆಂಗಸಿನ ಬಾಯಿ ಬಿಗಿಯುತ್ತೆ. ಎರಡಕ್ಕೂ ಸಂಬಂಧವೇ ಇಲ್ಲ. ಆ ಎರಡರ ಸಂದಿಯಲ್ಲಿ ನೋಡೋನೇ ಮಾಟ ಹುಟ್ಟಿಸ್ಕೋತಾನೆ."

"ಹಂಗಾದ್ರೆ ಮಾಟಗಾರ ನಾನಲ್ಲ, ಟಿಕೆಟ್ ತಗೊಂಡೋನು ಅನ್ರಿ," ಎಂದ ತಿಪ್ಪೇರುದ್ರ. ಚಳ್ಳಕೆರೆ ಕಡೆಯ ನಾಟಕಗಳಲ್ಲಿ ದುರ್ಯೋಧನನ ಪಾತ್ರ ಮಾಡುವ ಆಸಾಮಿ. ಇಲ್ಲಿ ಕಂಬಳಿ ಹೊದ್ದ ಮಾಟಗಾರ. ಕಿರಣನ ಹೆಂಡತಿ ಸ್ವಪ್ನಳೇ ಮಾಟಕ್ಕೆ ಸಿಕ್ಕ ಹೆಂಗಸು.

ತಿಪ್ಪೇರುದ್ರನ ಕಂಠ ಕಂಚು, ಬೆರಳು ಮಾತ್ರ ಬಾಳೆಗೊನೆ. ದೂರದ ಶಾಟ್ ಹೇಗೋ ಮುಗಿಯಿತು. ಹತ್ತಿರದಿಂದ ಕೈಯಷ್ಟೇ ತೋರಿಸುವ ಶಾಟ್‌ಗೆ ಬಂದಾಗ ಗಂಟು ಬೀಳಲೇ ಇಲ್ಲ.

"ಬಿಡಿ ರುದ್ರಣ್ಣ, ಕೈ ಯಾರದಾದರೇನು," ಎಂದ ಕಿರಣ್ ಅವನ ಕಡಗ ತೊಟ್ಟು, ಕಂಬಳಿ ಹೊದ್ದು, ದೀಪದ ಮುಂದೆ ತಾನೇ ಕೂತ. ಆಗಲೇ ತೆಗೆದಿದ್ದ ಸ್ವಪ್ನಳ ತುಟಿಗಳ ಶಾಟನ್ನು ಎದುರಿನ ಪುಟ್ಟ ಪರದೆಯ ಮೇಲೆ ಓಡಬಿಟ್ಟ. ತುಟಿ ಮುಚ್ಚುವ ಲಯಕ್ಕೇ ಗಂಟು ಬೀಳಬೇಕು. ಆ ಶಾಟ್‌ಗೆ ಧ್ವನಿ ಬೇಕಿರಲಿಲ್ಲ. ಮೈಕ್ ಆರಿಸಿದರು.

ಹುರಿ ಜಾರಿತು. ಬಿಗಿಯಿತು. ಕಣ್ಣು ಹೆಂಡತಿಯ ಬಾಯಿಯ ಮೇಲೆ.

ಮೊದಲ ಸಲ ಫೋಕಸ್ ತಪ್ಪಿತು. ಆ ಹುರಿಯನ್ನು ಕಿರಣ್ ಹೊಗೆಯ ಬಾಣಲೆಗೆ ಎಸೆದ. ಉಣ್ಣೆ ಸುಟ್ಟ ವಾಸನೆ ಕೋಣೆ ತುಂಬಿತು. ಹೊಸ ಹುರಿ, ಮತ್ತೆ ಅದೇ ಗಂಟು. ಈ ಸಲ ಸರಿಹೋಯಿತು.

"ಬಿಚ್ಚಿಬಿಡ್ಲಾ ಸಾರ್?" ತಿಪ್ಪೇರುದ್ರ ಕೇಳಿದ.

"ಬೇಡ. ಮುಂದಿನ ಶಾಟ್‌ನಲ್ಲೂ ಗಂಟು ಹೀಗೇ ಕಾಣಬೇಕು." ಹುರಿಯನ್ನು ಗೂಟಕ್ಕೆ ತೂಗುಹಾಕಿ ಎಲ್ಲರೂ ಊಟಕ್ಕೆ ಹೋದರು. ಕಿರಣ್ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಹೊಟ್ಟೆತುಂಬ ಉಂಡ. ಬಣ್ಣ ಕೆಡುತ್ತದೆಂದು ಸ್ವಪ್ನ ಉಣ್ಣಲಿಲ್ಲ.

"ಏನ್ರೀ, ದವಡೆ ಯಾಕೋ ಹಿಡಿದಂಗೆ ಆಗ್ತಿದೆ," ಅಂದಳು.

"ಒಳ್ಳೇದೇ ಆಯ್ತು, ನಟನೆ ಸಲೀಸು," ಎಂದು ಅವನು ಕೈ ತೊಳೆದ.

ಕೊನೆಯ ಶಾಟ್. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಮಾಡಿದ ರಕ್ತ. ಅದನ್ನು ಬಾಯಿತುಂಬ ತುಂಬಿಕೊಂಡು, ತುಟಿ ಬಿಗಿದು, ಒದ್ದಾಡಿ, ಕಡೆಗೆ ಹೊರಗೆ ಸುರಿಸಬೇಕು. ಸ್ವಪ್ನ ಹಿಡಿದ ದವಡೆಯನ್ನು ಕಷ್ಟಪಟ್ಟು ಸಡಿಲಿಸಿ, ಲೋಟ ಎತ್ತಿ ಬಾಯಿ ತುಂಬಿಕೊಂಡಳು. ಕಂಬಳಿ ಇಳಿಬಿಟ್ಟರು. ಕತ್ತಲು.

"ಆಕ್ಷನ್."

ಅವಳ ತುಟಿ ಕೂಡಿದವು. ಕೆನ್ನೆ ಉಬ್ಬಿದವು. ಕೈ ಗಂಟಲಿಗೆ ಹೋಯಿತು. ಕಣ್ಣು ಅಗಲವಾದವು, ಇನ್ನೂ ಅಗಲವಾದವು. ಕಿರಣ್ ಮುಂದಕ್ಕೆ ಬಾಗಿದ. ಇಂಥ ಭಯವನ್ನು ಅವನು ಯಾವ ನಟಿಯ ಮುಖದಲ್ಲೂ ಕಂಡಿರಲಿಲ್ಲ. ಅವಳು ನೆಲ ಗುದ್ದಿದಳು. ಅವನ ಕಡೆ ಕೈ ಚಾಚಿದಳು.

"ಹತ್ತಿರ ಹೋಗು," ಎಂದು ಓಬಳೇಶನಿಗೆ ಪಿಸುಗುಟ್ಟಿದ. "ನಿಲ್ಲಿಸಬೇಡ."

ಅವಳ ಮೂಗಿನಿಂದ ಕೆಂಪು ಇಳಿಯಿತು.

"ಸಾರ್," ಓಬಳೇಶ್ ಕ್ಯಾಮೆರಾದಿಂದ ಕಣ್ಣು ತೆಗೆದ. "ಅಕ್ಕ ನಟನೆ ಮಾಡ್ತಾ ಇಲ್ಲ."

"ಕಟ್."

ಅವಳು ನಿಲ್ಲಿಸಲಿಲ್ಲ.

ಕಿರಣ್ ಓಡಿ ಅವಳ ದವಡೆ ಹಿಡಿದು ಎಳೆದ. ಕಲ್ಲು. ಬೆರಳು ತೂರಿಸಲು ನೋಡಿದ. ಹಲ್ಲು ಹಲ್ಲಿಗೆ ಬೆಸೆದುಹೋಗಿದ್ದವು. ಒಳಗೆ ಪಾಕ ಗುಳುಗುಳು ಅನ್ನುತ್ತಿತ್ತು. ಮೂಗಿಗೂ ಅದೇ ಏರಿ ಉಸಿರಿಗೆ ದಾರಿಯಿಲ್ಲ. ತಿಪ್ಪೇರುದ್ರ ಗೂಟದ ಹುರಿಯನ್ನು ಕಿತ್ತುಕೊಂಡು ಗಂಟಿಗೆ ಉಗುರು ಹಾಕಿದ. ಉಗುರು ಮುರಿಯಿತು. ಗಂಟು ಅಲುಗಲಿಲ್ಲ.

ಬಾಗಿಲ ಕಂಬಳಿ ಸರಿಯಿತು. ಬಿಸಿಲಿನ ಜೊತೆ ದುರುಗಕ್ಕ ಒಳಗೆ ಬಂದಳು.

"ಕಟ್ಟಿದ ಕೈ ಯಾರ್ದು?"

"ಮಾಟಗಾರನ ಪಾತ್ರ ನಂದೇ ಅಜ್ಜಿ," ತಿಪ್ಪೇರುದ್ರ ತೊದಲಿದ.

"ಪಾತ್ರ ಕೇಳ್ಲಿಲ್ಲ. ಕೈ ಕೇಳ್ದೆ."

"ನಂದು," ಎಂದ ಕಿರಣ್.

ಹುರಿ ಅವನ ಬೆರಳಿಗೆ ತಾಗಿದ್ದೇ ತಡ, ಗಂಟು ಬೆಣ್ಣೆಯಂತೆ ಬಿಚ್ಚಿಕೊಂಡಿತು. ಸ್ವಪ್ನಳ ತುಟಿ ಕೂದಲೆಳೆಯಷ್ಟು ತೆರೆದವು. ಒಂದು ಹನಿ ಹೊರಬಿತ್ತು. ಅಷ್ಟೇ. ಹಲ್ಲು ಬಿಡಲಿಲ್ಲ. ಅವಳ ಮುಖ ನೀಲಿಯಾಗುತ್ತಿತ್ತು.

"ಇನ್ನೊಂದು ಐತೆ," ಅಂದಳು ದುರುಗಕ್ಕ. "ಎಲ್ಲಿ ಅದು?"

ಕಿರಣ್ ಬಾಣಲೆಯ ಕಡೆ ನೋಡಿದ. ಬೂದಿ.

ದುರುಗಕ್ಕ ಒಂದು ಗಳಿಗೆ ಕಣ್ಣು ಮುಚ್ಚಿ ತನ್ನ ದೇವರನ್ನು ನೆನೆದಳು. "ಸುಟ್ಟ ಗಂಟನ್ನ ಯಾವ ಕೈಯೂ ಬಿಚ್ಚಲ್ಲ. ಅದು ಒಂದು ಬಾಯಿ ಹಿಡ್ಕೊಂಡೈತೆ. ಬೇರೆ ಬಾಯಿ ಕೊಟ್ರೆ ಇದನ್ನ ಬಿಡ್ತೈತೆ. ಕೊಟ್ರೆ ಕೊಟ್ಟಂಗೇ, ಆಮ್ಯಾಕೆ ಬಿಚ್ಚಿದ್ರೆ ತಿರುಗಿ ಇವಳ ಬಾಯೇ ಹಿಡೀತೈತೆ."

"ನಂದು ತಗೊಳ್ಳಲಿ."

"ತಡ ಮಾಡಬ್ಯಾಡ. ನಿನ್ನ ಬಾಯಿ ನೋಡ್ಕೋತಾ ಕಟ್ಟು."

ಮೊಬೈಲ್ ಎತ್ತಿ ಓಬಳೇಶ್ ಅವನ ಮುಖವನ್ನೇ ಅವನಿಗೆ ತೋರಿಸಿದ. ಕಿರಣ್ ಬಿಚ್ಚಿದ ಹುರಿಯನ್ನೇ ಹಿಡಿದ. ಮೊದಲ ಸುತ್ತು ಜಾರಿತು. ಸ್ವಪ್ನಳ ಕಾಲು ನೆಲಕ್ಕೆ ಬಡಿಯುತ್ತಿತ್ತು. ಮತ್ತೆ ಹಿಡಿದ. ಸುತ್ತಿದ. ಅವಳ ಕಾಲು ನಿಂತಿತು. ಬಿಗಿದ.

ಸ್ವಪ್ನಳ ಬಾಯಿ ಬಾಗಿಲಂತೆ ತೆರೆಯಿತು. ಪಾಕ ಭೋರೆಂದು ಸುರಿಯಿತು. ಆಮೇಲೆ ಕೆಮ್ಮು. ಆಮೇಲೆ ಉಸಿರು. ಆಮೇಲೆ ಅಳು.

ಕಿರಣ್ ಅವಳ ಹೆಸರು ಕರೆಯಲು ಹೋದ. ನಾಲಿಗೆ ಅಂಗುಳಕ್ಕೆ ಅಂಟಿತ್ತು.

ಮೊಳಕಾಲ್ಮೂರಿನ ಡಾಕ್ಟರು ನೋಡಿದರು, ದಾವಣಗೆರೆಯ ಡಾಕ್ಟರು ನೋಡಿದರು. ಯಾವ ದೋಷವೂ ಕಾಣಲಿಲ್ಲ. ಬಿಗಿದ ಹಲ್ಲಿನ ಸಂದಿಯಲ್ಲಿ ಗಂಜಿ ಇಳಿಯುತ್ತಿತ್ತು, ಮಾತು ಮಾತ್ರ ಏಳುತ್ತಿರಲಿಲ್ಲ. ಆದರೆ ಎಷ್ಟು ಉಂಡರೂ ಅವನ ಹಸಿವು ಹೋಗುತ್ತಿರಲಿಲ್ಲ. ಚಿತ್ರ ಮುಗಿಯುವ ತನಕವೆಂದು ಚಳ್ಳಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಹಗಲಲ್ಲೂ ಕಿಟಕಿಯ ಪರದೆ ಎಳೆದುಕೊಂಡು ಅವನು ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ. ಸ್ವಪ್ನ ದಿನಾ ದೇವರಿಗೆ ದೀಪವಿಟ್ಟು ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅವಳನ್ನು ಕೈಹಿಡಿದು ಎಳೆದು ತಂದು ಪಕ್ಕದಲ್ಲಿ ಕೂರಿಸಿಕೊಂಡ. ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಹೊಳಪು. ಪರದೆಯ ಮೇಲೆ ಅವನದೇ ಕೈ, ಕರಿ ಹುರಿ. ಸುಟ್ಟುಹೋದ ಮೊದಲ ಗಂಟು, ಫೋಕಸ್ ತಪ್ಪಿದ ಶಾಟ್. ಬೂದಿಯಾದದ್ದು ಕ್ಯಾಮೆರಾದಲ್ಲಿ ಹಾಗೇ ಉಳಿದಿತ್ತು. ಅವನು ಶಾಟನ್ನು ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಓಡಿಸಿದ.

ಪರದೆಯ ಮೇಲೆ ಅದೇ ಕೈ ಗಂಟನ್ನು ಬಿಚ್ಚತೊಡಗಿತು.

ಕಿರಣನ ದವಡೆ ಸಡಿಲವಾಯಿತು. ಸ್ವಪ್ನ ಅವನ ಕಡೆ ತಿರುಗಿದಳು. ಹುರಿ ಸಡಿಲಿತು. ಅವನ ಗಂಟಲು ಅಲುಗಿತು. ಕೊನೆಯ ಸುತ್ತು ಕಳಚಿತು. ಅವನ ಬಾಯಿ ತೆರೆಯಿತು. ಅವಳು ಕಿವಿ ಹತ್ತಿರ ತಂದಳು.

ಬಂದದ್ದು ಅವಳ ಹೆಸರಲ್ಲ. ಯಾವ ಮಾತೂ ಅಲ್ಲ. ನೀಳವಾದ, ಬತ್ತಿದ, ಎಷ್ಟೋ ದಿನ ಹಸಿದ ಒಂದು ಊಳು.

ಪರದೆಯ ಕೈ ನಿಶ್ಚಲವಾಯಿತು. ಮೈಕ್ ಆರಿಸಿ ತೆಗೆದ ಆ ಶಾಟ್‌ಗೆ ಧ್ವನಿಯೇ ಇರಲಿಲ್ಲ. ಆದರೂ ಸ್ಪೀಕರಿನೊಳಗಿಂದ, ಗುಡ್ಡದಾಚೆಯಿಂದ ಬಂದಂತೆ, ಇನ್ನೊಂದು ಊಳು ಅದಕ್ಕೆ ಓಗೊಟ್ಟಿತು. ಮತ್ತೆ ಓಗೊಟ್ಟಿತು, ಈ ಸಲ ಹತ್ತಿರದಿಂದ.

ಸ್ವಪ್ನ ಎರಡೂ ಕೈಯಿಂದ ಗಂಡನ ಬಾಯಿ ಮುಚ್ಚಿ ಹಿಡಿದಳು.