ಏಳನೇ ಗೀರು

"ಇನ್ನೊಂದು ಸಲ," ಎಂದರು ಹಿಸ್ಟರಿ ಮಿಸ್. "'ಏಳು' ಅಂದಾಗ ಕೈ ಮೇಲೆ ಹೋಗಬೇಕು. 'ಶತ್ರು' ಅಂದಾಗ ಹುಬ್ಬು ಗಂಟಾಗಬೇಕು. ನೀನು ಎರಡನ್ನೂ ಅದಲುಬದಲು ಮಾಡ್ತಿದ್ದೀಯ."

ಗಿಣಿ ಕೈ ಇಳಿಸಿ, ಹುಬ್ಬು ಸಡಿಲ ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಮಾನ್ಯರೇ, ಇದು ನಮ್ಮ ಹೆಮ್ಮೆಯ ಯುದ್ಧನೌಕೆಯ ವಿಜಯದಂಡ. ಇದರ ಮೇಲೆ ಏಳು ಗೀರುಗಳಿವೆ. ಒಂದೊಂದು ಗೀರೂ ನಮ್ಮ ವೀರರು ಮುಳುಗಿಸಿದ ಒಂದೊಂದು ಶತ್ರು ಹಡಗು. ತುದಿಯ ಕಪ್ಪು ಕಲೆ, ಯುದ್ಧದ ಮದ್ದಿನ ಹೊಗೆ."

"ಹೊಗೆ ಅನ್ನುವಾಗ ಕೆಮ್ಮಬೇಡ."

"ನಾನಾಗಿ ಕೆಮ್ಮಲಿಲ್ಲ ಮಿಸ್. ಪೇಂಟ್ ವಾಸನೆ."

ಅದು ನಿಜವೇ. ಮ್ಯೂಸಿಯಂನಲ್ಲಿ ನಾಳೆ ಹೊಸ ಪ್ರದರ್ಶನದ ಉದ್ಘಾಟನೆ. ಹಳೇ ಯುದ್ಧನೌಕೆ ಮೊದಲ ಸಲ ಸಮುದ್ರಕ್ಕಿಳಿದು ಐವತ್ತು ವರ್ಷ ತುಂಬಿತ್ತು. ಐವತ್ತು ವರ್ಷ ಕಾದವರಿಗೆ ಕೊನೆಯ ಐದು ದಿನದಲ್ಲಿ ಎಚ್ಚರವಾಗಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಪೇಂಟ್ ಬಳಿಯುತ್ತಿದ್ದರು. ತುಕ್ಕು ಹಿಡಿದ ಲಂಗರಿಗೂ ಚಿನ್ನದ ಬಣ್ಣ ಬಂದಿತ್ತು. ಬಾಗಿಲಲ್ಲಿ ತೂಗುಹಾಕಿದ್ದ ಬ್ಯಾನರ್‌ನಲ್ಲಿ ಮುಖ್ಯ ಅತಿಥಿಗಳ ಮುಖ ಬಾಗಿಲಿನಷ್ಟೇ ಅಗಲವಾಗಿತ್ತು. ಹಡಗು ಅವರ ಕಿವಿಯ ಪಕ್ಕದಲ್ಲಿ ಎಲ್ಲೋ ಒಂದು ಕಡೆ ಇತ್ತು, ಹುಡುಕಿದರೆ ಕಾಣುತ್ತಿತ್ತು.

ಒಂದು ಸಲ ಕೇಳಿದ್ದನ್ನು ಚಾಚೂ ತಪ್ಪದೆ ಒಪ್ಪಿಸುತ್ತಾಳೆಂದೇ ಇಡೀ ಐದನೇ ಕ್ಲಾಸು ಅವಳನ್ನು ಗಿಣಿ ಎನ್ನುತ್ತಿತ್ತು. ಅದಕ್ಕೇ ಸ್ಟೂಡೆಂಟ್ ಗೈಡ್ ಎಂಬ ಬ್ಯಾಡ್ಜು ಅವಳ ಪಾಲಿಗೆ ಬಂದಿತ್ತು. ಅದನ್ನು ಅವಳು ಎರಡು ದಿನದಿಂದ ತೆಗೆದೇ ಇರಲಿಲ್ಲ. ಮಲಗುವಾಗಲೂ ಚುಚ್ಚಿಕೊಂಡೇ ಮಲಗಿದ್ದಳು.

* * *

ಸಂಜೆ ಮನೆಯಲ್ಲಿ ತಾತ ಒಲೆಯ ಮುಂದೆ ನಿಂತು ಚಹಾಕ್ಕೆ ನೀರಿಡುತ್ತಿದ್ದರು. ತೋರುಬೆರಳನ್ನು ಪಾತ್ರೆಯೊಳಗೆ ನೆಟ್ಟಗೆ ನಿಲ್ಲಿಸಿ, ನೀರು ಬೆರಳಿನ ಎಷ್ಟನೇ ಗೆರೆಗೆ ಬಂತೆಂದು ನೋಡಿಯೇ ಸುರಿಯುವುದು ಅವರ ರೂಢಿ.

"ಅಪ್ಪಾ, ಮೂರು ಜನಕ್ಕೆ ನಾಲ್ಕು ಲೋಟ ಯಾಕೆ?" ಎಂದು ಹೊಲಿಗೆ ಮೆಷಿನ್ ಮುಂದಿನಿಂದ ಅಮ್ಮ ಕೂಗಿದಳು. "ದಿನಾ ಒಂದು ಲೋಟ ಆರಿ ತಣ್ಣಗಾಗತ್ತೆ. ಕೊನೆಗೆ ಅದನ್ನ ನಾನೇ ಕುಡೀಬೇಕು."

"ಇರಲಿ ಬಿಡಮ್ಮ," ಎಂದರು ತಾತ.

ಈ ಮಾತುಕತೆ ಆ ಮನೆಯಲ್ಲಿ ಗಡಿಯಾರದ ಸದ್ದಿನ ಹಾಗೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಗಿಣಿ ಪೊರಕೆ ಎತ್ತಿಕೊಂಡು ಅಡುಗೆಮನೆ ನಡುವೆ ನಿಂತಳು.

"ತಾತ, ನೀನೇ ಮುಖ್ಯ ಅತಿಥಿ. ಇಲ್ಲಿ ಕೇಳು. ಮಾನ್ಯರೇ, ಇದು ನಮ್ಮ ಹೆಮ್ಮೆಯ ಯುದ್ಧನೌಕೆಯ ವಿಜಯದಂಡ..."

ತಾತ ಆ ಹಡಗಿನಲ್ಲೇ ಇಪ್ಪತ್ತೆಂಟು ವರ್ಷ ಅಡುಗೆಯವರಾಗಿದ್ದರು. ಆದರೂ ಅವರಿಗೆ ನಾಳೆಯ ಕಾರ್ಯಕ್ರಮದ ಆಮಂತ್ರಣ ಬಂದಿರಲಿಲ್ಲ. ಆಮಂತ್ರಣ ಅಧಿಕಾರಿಗಳಿಗೆ ಹೋಗಿತ್ತು, ಅಧಿಕಾರಿಗಳ ಬೀಗರಿಗೂ ಹೋಗಿತ್ತು. ತಾತ ಬರುತ್ತಿದ್ದದ್ದು ಗಿಣಿಯ ಮನೆಯವರು ಎಂಬ ಲೆಕ್ಕದಲ್ಲಿ.

ಏಳು ಗೀರಿನ ಸಂಗತಿ ಬಂದಾಗ ತಾತ ಸೌಟು ಕೆಳಗಿಟ್ಟರು.

"ತಡಿ ತಡಿ. ಎಷ್ಟು ಉದ್ದ ಇದೆ ಆ ದಂಡ?"

"ನನ್ನ ಭುಜದಷ್ಟು."

"ಮೇಲ್ತುದೀಲಿ ಒಂದು ತೂತು ಇದೆಯಾ?"

"ಇದೆ. ಗುಂಡು ತೂರಿ ಹೋದ ತೂತು ಅಂತ ಬೋರ್ಡಲ್ಲಿ ಬರೆದಿದ್ದಾರೆ."

ತಾತ ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಅಮ್ಮ ಎದ್ದು ಬಂದು ಬೆನ್ನು ಸವರಬೇಕಾಯಿತು.

"ಆ ಗುಂಡು ಹಾರಿಸಿದ್ದು ನಾನೇ ಕಣೇ," ಎಂದರು ಉಸಿರು ಸಿಕ್ಕಮೇಲೆ. "ಬಡಗಿ ಹತ್ತಿರ ಡ್ರಿಲ್ ಇಸ್ಕೊಂಡು ಕೊರೆದೆ. ಮೊಳೆಗೆ ನೇತುಹಾಕೋಕೆ. ಅದು ನನ್ನ ಚಹಾ ಕೋಲು."

ಗಿಣಿಯ ಕೈಯಲ್ಲಿದ್ದ ಪೊರಕೆ ಕೆಳಗಿಳಿಯಿತು.

"ಸಮುದ್ರದಲ್ಲಿ ಹಡಗು ಒಂದು ಕಡೆ ನೆಟ್ಟಗೆ ನಿಲ್ಲತ್ತಾ? ನೂರು ಚಿಲ್ಲರೆ ಲೋಟ ನೀರು ಎಣಿಸ್ತಾ ಕೂತರೆ ಅರ್ಧದಲ್ಲೇ ಲೆಕ್ಕ ತಪ್ಪತ್ತೆ. ಅದಕ್ಕೆ ಹಂಡೆ ಒಳಗೆ ಕೋಲು ನಿಲ್ಲಿಸೋದು. ಗೀರು ಮುಟ್ಟೋವರೆಗೂ ನೀರು. ಒಂದು ಗೀರಿಗೆ ಇಪ್ಪತ್ತು ಜನ, ಆರು ಗೀರಿಗೆ ನೂರಿಪ್ಪತ್ತು. ಇಡೀ ಹಡಗೇ ಆಯ್ತು. ಆಮೇಲೆ ಅದರಲ್ಲೇ ಕದಡೋದು."

"ಹಾಗಾದ್ರೆ ಆ ಕಪ್ಪು ಕಲೆ?"

"ಚಹಾ. ಇಪ್ಪತ್ತೆಂಟು ವರ್ಷದ್ದು."

"ಮತ್ತೆ ಯುದ್ಧ?"

"ನಾನಿರೋವರೆಗೂ ಆ ಹಡಗು ಯುದ್ಧಕ್ಕೇ ಹೋಗಲಿಲ್ಲ. ಒಂದು ಸಲ ಯಾರೋ ದೊಡ್ಡವರು ಬಂದರು ಅಂತ ಸಲಾಮಿಗೆ ಫಿರಂಗಿ ಹಾರಿಸಿದ್ರು. ಆ ಸದ್ದಿಗೆ ನನ್ನ ಆರು ಪಿಂಗಾಣಿ ತಟ್ಟೆ ಬಿದ್ದು ಒಡೆದವು. ಅದೊಂದೇ ನಷ್ಟ. ರಿಟೈರ್ ಆಗುವಾಗ ಕೋಲನ್ನ ನೆನಪಿಗೆ ಕೊಡಿ ಅಂತ ಕೇಳಿದೆ. ಸರ್ಕಾರಿ ಸಾಮಾನು, ಕೊಡೋ ಹಾಗಿಲ್ಲ ಅಂದ್ರು."

ಗಿಣಿ ಬೆರಳು ಮಡಿಚಿ ಎಣಿಸಿದಳು. "ಆರಕ್ಕೆ ನೂರಿಪ್ಪತ್ತು. ಮತ್ತೆ ಏಳನೆಯದು ಯಾರಿಗೆ? ಅದೂ ಆರನೆಯದಕ್ಕೆ ಹತ್ತಿರ ಇದೆ, ಬೇರೆಯವುಗಳ ಅರ್ಧದಷ್ಟೇ ದೂರ."

ತಾತನ ನಗು ನಿಂತಿತು. ಅವರು ಒಲೆಯ ಉರಿ ಸಣ್ಣ ಮಾಡಿದರು.

"ಒಂದು ಸಲ ಬಿರುಗಾಳೀಲಿ ಒಂದು ದೋಣಿ ಮುಳುಗ್ತಾ ಇತ್ತು. ಹನ್ನೊಂದು ಜನಾನ ಮೇಲಕ್ಕೆ ಎತ್ತಿಕೊಂಡ್ವಿ. ಎಲ್ಲರೂ ಗಡಗಡ ನಡುಗ್ತಿದ್ರು. ನಾನು ಚಹಾ ಹಂಚಿದೆ. ನಾನು ಇಟ್ಟಿದ್ದು ನೂರಿಪ್ಪತ್ತು ಜನಕ್ಕೆ. ಕೊನೇಲಿ ಅವರಲ್ಲೇ ಒಬ್ಬಳು ಹುಡುಗಿ ಲೋಟ ಹಿಡ್ಕೊಂಡು ಬಂದಳು, ನಿನ್ನಷ್ಟೇ ಇದ್ದಳು. ಹಂಡೆ ಖಾಲಿ. ಮತ್ತೆ ಮಾಡೋಣ ಅಂದ್ರೆ ಒಲೆ ಆರಿಸಿ ಅಂತ ಆರ್ಡರ್, ಗಾಳಿ ಜೋರಾಗಿತ್ತು. ಅವಳು ಖಾಲಿ ಲೋಟ ಹಿಡ್ಕೊಂಡು ಹಾಗೇ ನಿಂತಿದ್ದಳು. ಬೈಯಲೂ ಇಲ್ಲ, ಅಳಲೂ ಇಲ್ಲ. ಮಾರನೇ ದಿನ ನಾನು ಕೂತು ಏಳನೇ ಗೀರು ಕೊರೆದೆ."

ಚಹಾ ಉಕ್ಕಿತು. ತಾತ ಪಾತ್ರೆ ಕೆಳಗಿಳಿಸಿದರು.

"ಹಾಗಾದ್ರೆ ನಾಳೆ ನಾನು ಏನು ಹೇಳಲಿ ತಾತ?"

"ಮಿಸ್ ಹೇಳಿಕೊಟ್ಟಿದ್ದನ್ನೇ ಹೇಳು. ಅವರಿಗೆ ಬೇಜಾರು ಮಾಡಬೇಡ. ಏಳು ಹಡಗು ಮುಳುಗಿಸಿದ ಅಡುಗೆಯವನು ನಿಮ್ಮ ಕ್ಲಾಸಲ್ಲಿ ಇನ್ಯಾರ ಮನೇಲಿದ್ದಾನೆ, ಹೇಳು?" ಎಂದು ತಾತ ಮತ್ತೆ ನಗಲು ನೋಡಿದರು. ಈ ಸಲ ನಗು ಸರಿಯಾಗಿ ಬರಲಿಲ್ಲ.

* * *

ಬೆಳಗ್ಗೆ ಮ್ಯೂಸಿಯಂಗೆ ಕಾಲಿಟ್ಟವಳೇ ಮಿಸ್ ಹತ್ತಿರ ಓಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಮಿಸ್ ಮುಖ ಬಿಳಿಚಿಕೊಂಡಿತು. ಅವರು ಅವಳನ್ನು ಫಲಕದ ಮೇಡಂ ಹತ್ತಿರ ಎಳೆದುಕೊಂಡು ಹೋದರು. ಪ್ರದರ್ಶನದ ಬೋರ್ಡುಗಳನ್ನೆಲ್ಲ ಬರೆದವರು ಈ ಮೇಡಂ. ಐದು ದಿನದಲ್ಲಿ ಇನ್ನೂರು ಬೋರ್ಡು ಬರೆದು ಅವರ ಕಣ್ಣು ಕೆಂಪಗಾಗಿತ್ತು.

"ನಿಮ್ಮ ತಾತನ ಹತ್ತಿರ ದಾಖಲೆ ಇದೆಯಾ?" ಎಂದರು ಮೇಡಂ.

"ಇಲ್ಲ. ಅವರಿಗೆ ಗೊತ್ತು, ಅಷ್ಟೇ."

"ಗೊತ್ತಿರೋದೆಲ್ಲ ದಾಖಲೆ ಆಗಲ್ಲ ಮರಿ."

"ಏಳು ಹಡಗಿಗೆ ದಾಖಲೆ ಇದೆಯಾ ಮೇಡಂ?"

"ಇದೆಯಲ್ಲ," ಎಂದು ಮೇಡಂ ಗಾಜಿನ ಪೆಟ್ಟಿಗೆಯ ಕೆಳಗಿನ ಬೋರ್ಡನ್ನು ತೋರಿಸಿದರು. "ಇಲ್ಲೇ ಬರೆದಿದೆ."

"ಅದನ್ನ ಬರೆದಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಯಾರೋ ಓಡಿ ಬಂದು, ರಿಬ್ಬನ್ ಕತ್ತರಿಸುವ ಕತ್ತರಿಯೇ ಕಾಣುತ್ತಿಲ್ಲ ಎಂದು ಬೊಬ್ಬೆ ಹಾಕಿದರು. ಮೇಡಂ ಬದುಕಿದೆ ಎಂಬಂತೆ ಆ ಕಡೆ ಓಡಿದರು.

"ಚೀಫ್ ಗೆಸ್ಟ್ ಭಾಷಣದಲ್ಲೂ ಏಳು ಹಡಗು ಅಂತಲೇ ಪ್ರಿಂಟ್ ಆಗಿದೆ," ಎಂದರು ಮಿಸ್ ಮೆಲ್ಲಗೆ. "ಕಲಿತಿದ್ದನ್ನ ಹೇಳಿಬಿಡು. ಒಂದೇ ನಿಮಿಷ. ಆಮೇಲೆ ಎಲ್ಲ ಮುಗಿದುಹೋಗತ್ತೆ. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ."

ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಬ್ಯಾನರ್‌ಗಿಂತ ಬಹಳ ಚಿಕ್ಕವರಾಗಿದ್ದರು. ಚಿನ್ನದ ಲಂಗರಿಗೆ ಕೈ ಇಟ್ಟು ಫೋಟೋ ತೆಗೆಸಿಕೊಂಡಾಗ ಪೇಂಟ್ ಇನ್ನೂ ಒಣಗಿರಲಿಲ್ಲ. ಅಂಗೈಯೆಲ್ಲ ಚಿನ್ನವಾಯಿತು. ಅದನ್ನು ಒರೆಸಲು ನಾಲ್ಕು ಜನ ನಾಲ್ಕು ಕರ್ಚೀಫು ಹಿಡಿದು ಹಿಂದೆ ಬಂದರು. ಹಾಗೆ ಬರುತ್ತಾ ಬರುತ್ತಾ ಅತಿಥಿಗಳು ಗಿಣಿಯ ಮುಂದೆ ನಿಂತರು.

"ಮಾನ್ಯರೇ," ಎಂದಳು ಗಿಣಿ. "ಇದು ನಮ್ಮ ಹೆಮ್ಮೆಯ ಯುದ್ಧನೌಕೆಯ ವಿಜಯದಂಡ. ಇದರ ಮೇಲೆ ಏಳು..."

ಕೈ ತಾನಾಗಿಯೇ ಮೇಲೆ ಹೋಯಿತು. ಹಿಂದಿನ ಗೋಡೆಗೆ ಒರಗಿ ತಾತ ನಿಂತಿದ್ದು ಅವಳಿಗೆ ಕಂಡಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅವರು ಗಿಣಿಯನ್ನು ನೋಡುತ್ತಿರಲಿಲ್ಲ, ಮುಖ್ಯ ಅತಿಥಿಯನ್ನೂ ನೋಡುತ್ತಿರಲಿಲ್ಲ. ಗಾಜಿನೊಳಗಿನ ಕೋಲನ್ನೇ ನೋಡುತ್ತಿದ್ದರು. ಕಳೆದುಹೋದ ಸಾಮಾನು ಬೇರೆಯವರ ಮನೆಯಲ್ಲಿ ಕಂಡರೆ ನೋಡುತ್ತಾರಲ್ಲ, ಹಾಗೆ.

ಗಿಣಿ ಕೈ ಇಳಿಸಿದಳು.

"ಇದು ವಿಜಯದಂಡ ಅಲ್ಲ ಸರ್. ಚಹಾ ಕೋಲು. ಒಂದು ಗೀರಿಗೆ ಇಪ್ಪತ್ತು ಜನ. ಆರು ಗೀರಿಗೆ ಇಡೀ ಹಡಗು. ಏಳನೆಯದು, ಮುಳುಗ್ತಿದ್ದ ದೋಣಿಯಿಂದ ಎತ್ತಿಕೊಂಡ ಹನ್ನೊಂದು ಜನಕ್ಕೆ. ಈ ಕೋಲು ನಮ್ಮ ತಾತಂದು."

ಮಿಸ್ ಕಣ್ಣು ಮುಚ್ಚಿಕೊಂಡರು.

"ಚಹಾ?" ಎಂದರು ಮುಖ್ಯ ಅತಿಥಿಗಳು. "ಹಾಗಾದ್ರೆ ಏಳು ಹಡಗು ಮುಳುಗಿದ್ದು?"

"ಒಂದೂ ಮುಳುಗಿಲ್ಲ ಸರ್."

"ಮಕ್ಕಳ ಕಲ್ಪನಾಶಕ್ತಿ ಸರ್," ಎಂದು ಮ್ಯೂಸಿಯಂನ ನಿರ್ದೇಶಕರು ನಡುವೆ ನುಗ್ಗಿದರು. "ಅದನ್ನ ಬೆಳೆಸೋದೇ ನಮ್ಮ ಸಂಸ್ಥೆಯ ಉದ್ದೇಶ."

ಮುಖ್ಯ ಅತಿಥಿಗಳು ಗಿಣಿಯ ಕೆನ್ನೆ ತಟ್ಟಿ ಮುಂದೆ ಹೋದರು. ಕೆನ್ನೆಗೆ ಸ್ವಲ್ಪ ಚಿನ್ನ ಅಂಟಿತು. ಹತ್ತು ನಿಮಿಷದ ಮೇಲೆ ಮೈಕ್ ಹಿಡಿದು ಅವರು ಹೇಳಿದ್ದು ಇದು: "ಒಂದು ಕೈಯಲ್ಲಿ ಚಹಾ ಲೋಟ ಹಿಡಿದು, ಇನ್ನೊಂದು ಕೈಯಲ್ಲಿ ಏಳು ಶತ್ರು ಹಡಗು ಮುಳುಗಿಸಿದ ಮಹಾವೀರರು ನಮ್ಮವರು."

ಅಷ್ಟು ಜೋರಾದ ಚಪ್ಪಾಳೆ ಅವತ್ತು ಇನ್ಯಾವುದಕ್ಕೂ ಬೀಳಲಿಲ್ಲ. ಮಿಸ್ ಗಿಣಿಯ ಹತ್ತಿರ ಬಂದು ಬ್ಯಾಡ್ಜ್ ಬಿಚ್ಚಿಕೊಂಡು ಹೋದರು.

ಬಸ್ಸಿನಲ್ಲಿ ಗಿಣಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬ್ಯಾಡ್ಜ್ ಇದ್ದ ಜಾಗದಲ್ಲಿ ಎರಡು ಸಣ್ಣ ತೂತುಗಳಿದ್ದವು.

"ಯಾರೂ ಕೇಳಿಸಿಕೊಳ್ಳಲಿಲ್ಲ ತಾತ," ಎಂದಳು.

"ನಾನು ಕೇಳಿಸಿಕೊಂಡೆನಲ್ಲ," ಎಂದರು ತಾತ. ಎರಡು ಸ್ಟಾಪ್ ದಾಟಿದ ಮೇಲೆ ಮತ್ತೆ, "ಹನ್ನೊಂದು ಜನ ಅಂತ ನೀನು ಸರಿಯಾಗಿ ನೆನಪಿಟ್ಟುಕೊಂಡಿದ್ದೀಯ," ಎಂದರು. ಆ ಮೇಲೆ ಮನೆ ಬರುವವರೆಗೂ ಅವಳ ಕೈ ಬಿಡಲಿಲ್ಲ.

* * *

ಮುಂದಿನ ಭಾನುವಾರ ತಾತನಿಗೆ ಮಂಡಿ ನೋವು. "ಇವತ್ತು ನೀರು ನೀನೇ ಅಳೆದು ಹಾಕು, ಒಲೆ ಮಾತ್ರ ಅಮ್ಮ ಹಚ್ಚಲಿ," ಎಂದು ಕೋಣೆಯಲ್ಲಿ ಕಾಲು ಚಾಚಿ ಕೂತಿದ್ದರು.

ಗಿಣಿ ಪಾತ್ರೆಯೊಳಗೆ ಬೆರಳು ನಿಲ್ಲಿಸಿ ನೀರು ಸುರಿದಳು. ಅಮ್ಮ ಒಲೆ ಹಚ್ಚಿ, ಪಾತ್ರೆಯೊಳಗೆ ಇಣುಕಿ, ಹಣೆ ಚಚ್ಚಿಕೊಂಡಳು.

"ಇವಳೂ ನಾಲ್ಕು ಲೋಟ. ತಾತನ ಮೊಮ್ಮಗಳೇ ಸರಿ."

ಗಿಣಿ ಪಾತ್ರೆ ನೋಡಿದಳು. ಹೌದು, ನಾಲ್ಕು. ಬೇಕೆಂದು ಹಾಕಿದ್ದಲ್ಲ, ಕೈಗೆ ಹಾಗೇ ರೂಢಿಯಾಗಿತ್ತು.

ಚಹಾ ಸೋಸುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಗಿಣಿ ಹೋಗಿ ತೆಗೆದರೆ ಫಲಕದ ಮೇಡಂ. ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಸ್ಕೇಲು. ಕಣ್ಣು ಇನ್ನೂ ಕೆಂಪಗಿತ್ತು.

ಗಿಣಿ ಬಾಗಿಲಿಗೆ ಅಡ್ಡ ನಿಂತಳು. ಸರಿಯಬೇಕೆಂದು ಅನಿಸಲೇ ಇಲ್ಲ.

"ನಾನು ಆ ಕೋಲು ಅಳೆದೆ," ಎಂದರು ಮೇಡಂ. "ಆರು ಗೀರಿಗೂ ಒಂದೇ ಅಂತರ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಹಡಗುಗಳನ್ನ ಯಾರೂ ಹಾಗೆ ಅಳೆದು ಅಳೆದು ಮುಳುಗಿಸಲ್ಲ ಅಲ್ವಾ. ಆಮೇಲೆ ಮೂಸಿ ನೋಡಿದೆ." ಅವರು ತಲೆ ತಗ್ಗಿಸಿದರು. "ಬೋರ್ಡು ಬದಲಾಯಿಸೋದಕ್ಕೆ ನಿರ್ದೇಶಕರು ಇನ್ನೂ ಒಪ್ಪಿಲ್ಲ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಆದರೂ ನಿಮ್ಮ ತಾತ ಹೇಳೋದನ್ನ ಬರ್ಕೊಂಡು ಹೋಗ್ತೀನಿ. ಮಾತಾಡ್ತಾರಾ? ನನ್ನ ಮೇಲೆ ಕೋಪ ಇದ್ರೆ ಇನ್ನೊಂದು ದಿನ ಬರ್ತೀನಿ."

ಕೋಪ ಇತ್ತು. ಬೇಕಾದಷ್ಟಿತ್ತು. ದಾಖಲೆ ತಂದಿದ್ದೀರಾ ಎಂದು ಕೇಳುವ ಮಾತು ಗಿಣಿಯ ನಾಲಿಗೆಯ ತುದಿಗೇ ಬಂದಿತ್ತು.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ಗೊಣಗು ಕೇಳಿಸಿತು. "ಈಗ ಈ ನಾಲ್ಕನೇ ಲೋಟ ಯಾರಿಗೆ?"

ಗಿಣಿ ತಿರುಗಿ ನೋಡಿದಳು. ಅಡುಗೆಕಟ್ಟೆಯ ಮೇಲೆ ನಾಲ್ಕು ಲೋಟ ಸಾಲಾಗಿದ್ದವು. ನಾಲ್ಕರಿಂದಲೂ ಹಬೆ ಏಳುತ್ತಿತ್ತು. ಅವಳು ಹುಟ್ಟಿದಾಗಿನಿಂದ ಅಮ್ಮ ದಿನವೂ ಕೇಳುತ್ತಿದ್ದ ಪ್ರಶ್ನೆ ಅದು. ತಾತ ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಇವತ್ತೂ ಕೋಣೆಯಲ್ಲಿ ಸುಮ್ಮನೇ ಕೂತಿದ್ದರು.

ಖಾಲಿ ಲೋಟ ಹಿಡಿದು ನಿಂತಿದ್ದ ಆ ಹುಡುಗಿ ಗಿಣಿಯ ಕಣ್ಣ ಮುಂದೆ ಬಂದಳು.

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬನ್ನಿ ಮೇಡಂ," ಎಂದಳು. "ಚಹಾ ಆಗಿದೆ."