ಹಿಮನದಿಗೆ ಮುಂಚಿನ ಭಾನುವಾರ

ಮರ್ಸರ್ ಪಾರ್ಕಿನ ಕೆರೆದಂಡೆಯಲ್ಲಿ ವಾಕಿಂಗ್ ಬಂದಿದ್ದ ಕೌಸಲ್ಯಾ ಆಂಟಿ ಗಕ್ಕನೆ ನಿಂತರು. ಮುಂದೆ ಕುಶಾಲ್, ಹಿಂದೆ ಮಾಳವಿಕಾ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ.

"ಇದೇನ್ರೋ, ಓಲಗದವರಿಗೂ ಹೇಳದೆ ಗಂಟು ಹಾಕ್ಕೊಂಡ್‌ಬಿಟ್ರಾ?"

"ಪ್ರಾಕ್ಟೀಸ್ ಆಂಟಿ," ಎಂದ ಕುಶಾಲ್.

"ಇದಕ್ಕೂ ಪ್ರಾಕ್ಟೀಸಾ? ನಮ್ಮ ಕಾಲದಲ್ಲಿ ಡೈರೆಕ್ಟ್ ಎಕ್ಸಾಮೇ ಕಣಪ್ಪ."

ಆಂಟಿ ಮರೆಯಾಗುತ್ತಲೇ ಮಾಳವಿಕಾ ಮೂಗು ಮೇಲೆತ್ತಿ, ಕತ್ತು ಕೊಂಕಿಸಿ, "ಡೈರೆಕ್ಟ್ ಎಕ್ಸಾಮೇ ಕಣಪ್ಪ" ಎಂದು ಅದೇ ರಾಗ ತೆಗೆದಳು. ಯಾರ ದನಿಯನ್ನಾದರೂ ಅನುಕರಿಸುವ ಅವಳು ತನ್ನ ಊರಿನ ಮಾತನ್ನು ಮಾತ್ರ ಅವನೆದುರು ಎಂದೂ ಆಡಿರಲಿಲ್ಲ. ಕುಶಾಲ್ ನಕ್ಕ. ಆ ನಗು ಹಗ್ಗದಲ್ಲಿ ಸಣ್ಣ ಕಂಪನವಾಗಿ ಹರಿದು ಅವಳ ಸೊಂಟವನ್ನು ಮುಟ್ಟಿತು.

ಬರುವ ವಾರ ಇಬ್ಬರೂ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಹತ್ತಬೇಕು. ಮೈತುಂಬ ಹಿಮನದಿ ಹೊದ್ದ ಪರ್ವತ. ಅವರಿದ್ದ ಊರು ವೆಸ್ಟ್ ವಿಂಡ್ಸರಿನಲ್ಲಿ ಬೆಟ್ಟವೆಂದರೆ ಪಾರ್ಕಿಂಗ್ ಲಾಟಿನ ಮೂಲೆಗೆ ಒಟ್ಟಿದ ಹಿಮವಷ್ಟೇ. ಹಾಗಾಗಿ ಚಳಿಗಾಲವಿಡೀ ಬ್ಯಾಕ್‌ಪ್ಯಾಕಿನಲ್ಲಿ ಸೋನಾ ಮಸೂರಿ ಚೀಲ ಹೊತ್ತು ಪಾರ್ಕಿಂಗ್ ಗ್ಯಾರೇಜಿನ ಮೆಟ್ಟಿಲು ಹತ್ತಿದ್ದರು. ಕುಶಾಲ್ ಸಂಜೆ ಗುಲಾಬಿಯಾಗುವ ಶಿಖರದ ಬಗ್ಗೆ, ಹುಲ್ಲುಗಾವಲಲ್ಲಿ ಸಿಳ್ಳೆ ಹಾಕುವ ಮಾರ್ಮಟ್ ಎಂಬ ದಪ್ಪ ಬೆಟ್ಟದಳಿಲುಗಳ ಬಗ್ಗೆ, ಹಿಮನದಿಯ ಆಳವಾದ ನೀಲಿ ಬಿರುಕುಗಳ ಬಗ್ಗೆ ಹೇಳುತ್ತಿದ್ದ. ಅವಳು ಅವನ ಕಣ್ಣಂಚಿನ ಸುಕ್ಕುಗಳನ್ನೇ ಕೇಳಿಸಿಕೊಳ್ಳುತ್ತಿದ್ದಳು.

"ನಾನು ಬಿರುಕಿಗೆ ಬಿದ್ರೆ ನೀನು ತಕ್ಷಣ ನೆಲಕ್ಕೆ ಬಿದ್ದು ಕಾಲೂರಬೇಕು. ನನ್ನ ಹಿಡಿಯೋದು ನಿನ್ನ ಭಾರಾನೇ," ಎಂದ ಕುಶಾಲ್. ನಾಲ್ಕು ಹೆಜ್ಜೆ ನಡೆದು, "ಬಿದ್ದೆ!" ಎಂದು ಕೂಗಿ ಇಳಿಜಾರಿಗೆ ಜಾರಿದ.

ಮಾಳವಿಕಾ ಬಿದ್ದಳು. ಕಾಲೂರಿದೊಡನೆ ಬಲ ಮೊಣಕಾಲಿನಲ್ಲಿ ಕತ್ತಿ ಆಡಿದಂತಾಯಿತು. ಹಗ್ಗ ಅವಳನ್ನು ಹುಲ್ಲಿನ ಮೇಲೆ ದರದರ ಎಳೆದೊಯ್ದಿತು.

ಅವನು ಓಡಿ ಬಂದ. "ಹುಲ್ಲು ಒದ್ದೆ ಇತ್ತಲ್ಲ, ಅದಕ್ಕೇ ಜಾರ್ತು. ಇನ್ನೊಂದ್ಸಲ ಮಾಡೋಣ."

ಹೂಂ ಎಂದರೆ ಸಾಕಿತ್ತು. ಅವನ ಹಿಂದೆ ಹಗ್ಗ ಕಟ್ಟಿಕೊಂಡು ನಡೆಯುತ್ತ ಆ ಹಿಮ, ಆ ಗುಲಾಬಿ ಶಿಖರ, ಎಲ್ಲ ಅವಳದಾಗುತ್ತಿತ್ತು. ಅನುಮಾನದ ಎಳೆಯೂ ಇಲ್ಲದ ಅವನ ಮುಖ ನೋಡಿದಳು.

"ಹುಲ್ಲಲ್ಲ. ಮೊಣಕಾಲು. ಭಾಳ ದಿನಾತು ನೋಯ್ಲಿಕ್ ಹತ್ತಿ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ಬಿಟ್ಟು ಹೋಗ್ತಿದ್ದಿ."

"ಮತ್ತೆ ಈಗ?"

"ಅಲ್ಲಿ ನೀ ಖರೇನ ಬಿದ್ರ ನನ್ನ ಕೈಲೆ ಹಿಡೀಲಿಕ್ಕಾಗೂದಿಲ್ಲ, ಕುಶಾಲ್."

ಅವನು ಅವಳೆದುರು ಕುಕ್ಕರಿಸಿದ. "ಹಾಗಾದ್ರೆ ನಾನೂ ಕ್ಯಾನ್ಸಲ್ ಮಾಡ್ತೀನಿ."

"ಬ್ಯಾಡ. ಗೈಡ್ ಜೋಡಿ ಹಗ್ಗ ಕಟ್ಕೊಂಡು ಹೋಗು." ಅವಳು ಹುಲ್ಲು ಕೀಳತೊಡಗಿದಳು. "ನಂಗ ಗುಡ್ಡ ಎಂದೂ ಬೇಕಾಗಿರ್ಲಿಲ್ಲ. ಗುಡ್ಡದ ಸುದ್ದಿ ಹೇಳಾಂವ ಬೇಕಾಗಿದ್ದ."

"ಇದು ಯಾರ ಮಿಮಿಕ್ರಿ?"

"ಇದು ನಂದ ದನಿ."

ಕಣ್ಣು ಮುಚ್ಚಿಕೊಂಡೂ ಗಂಟು ಬಿಚ್ಚಬಲ್ಲವನ ಬೆರಳುಗಳು ಅವಳ ಸೊಂಟದ ಗಂಟಿನಲ್ಲಿ ತಡವರಿಸಿದವು. ಕೆರೆಯ ಮೇಲಿನ ಬಿಸಿಲು ಇಳಿಯುತ್ತಿತ್ತು.

"ಮೇಲೆ ನಿಂತಾಗ ಏನನ್ನಿಸುತ್ತೋ ಗೊತ್ತಿಲ್ಲ ಮಾಳವಿಕಾ. ಆದ್ರೆ ಇಳಿಯೋಕೆ ನನ್ನಷ್ಟು ಅರ್ಜೆಂಟು ಅಲ್ಲಿ ಯಾರಿಗೂ ಇರಲ್ಲ."

"ಸಾವಕಾಶ ಇಳಿ," ಎಂದಳು ಅವಳು, ಒದ್ದೆ ಕಣ್ಣಲ್ಲೇ ನಗುತ್ತ. "ಈ ಮೊಣಕಾಲು ಹಿಡ್ಕೊಂಡು ನಾ ಎಲ್ಲಿಗೆ ಓಡಿ ಹೋಗ್ಲಿ?"