ಮೂರನೇ ನಾಟಕದ ಮಂಗಳ

ನಾನು ಗುಲ್ಫಶಾ. ಮಾನ್ವಿಯ ನಮ್ಮ ನಾಟಕ ಸಂಘದಾಗ ಹಾಡಾಕಿ. ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ.

ಈ ದಸರಾದಿಂದ ಮೂರು ನಾಟಕ ಹಿಡಿದೀವಿ. ಮೊದಲನೇದು ದೇವದುರ್ಗದಾಗ, ಕಡೀದು ರಾಯಚೂರಿನಾಗ. ಕಡೀ ನಾಟಕ ಪೂರಾ ಹಾಡಿಂದು. ಪೇಟಿ ಬಾರಿಸೋ ಮಾರೆಪ್ಪ ಮಾಸ್ತರು ಅದರ ಹಾಡು ಇನ್ನೂ ಕಟ್ಟಾಕತ್ತಿದ್ರು.

ತಾಲೀಮು ಆದ್ರೂ ಕಡಿಗೆ ಮಂಗಳ ಹಾಡಿಯೇ ಏಳಬೇಕು, ಇಲ್ಲಾಂದ್ರ ಆಟ ಮುಗಿಯಂಗಿಲ್ಲ ಅಂತ ನಮ್ಮಲ್ಲಿ ರೂಢಿ. ಆವತ್ತು ಮಧ್ಯಾಹ್ನ ಮೊದಲನೇ ನಾಟಕದ ತಾಲೀಮು ಮುಗಿಯೂದಕ್ಕೂ ಬಿಸಿ ಮಿರ್ಚಿ ಬರೂದಕ್ಕೂ ಸರಿ ಹೋತು. ಮಂಗಳ ಮರೆತು ಎಲ್ಲಾರೂ ತಗಡಿನ ಶೆಡ್ಡಿನಿಂದ ಹೊರಗ ಓಡಿ ಬಂದಿವಿ. ಕೆಂಡದಂಥ ಬಿಸಲು.

ಆಗ ಒಳಗ ಒಬ್ಬ ಹೆಣ್ಣುಮಗಳು ಮಂಗಳ ಹಾಡಾಕ ಹತ್ತಿದಳು.

ನಮ್ಮ ಹೆಣ್ಣುಮಕ್ಕಳೆಲ್ಲಾ ನನ್ನ ಪಕ್ಕದಾಗೇ ಇದ್ರು. ಬಾಗಿಲದಾಗ ಇಣುಕಿದರ ಮಾರಿಗೆ ತಂಪು ಗಾಳಿ ಬಡೀತು, ಹಸಿ ಮಣ್ಣಿನ ವಾಸನಿ. ಕಾಡಿನ ಚಿತ್ರದ ಪರದೆ ಉಸಿರಾಡಿದಂಗ ಉಬ್ಬಿ ಇಳೀತಿತ್ತು. ಅದರ ಹಿಂದ ಬರೀ ಗ್ವಾಡಿ. ಅಂಥ ದನಿ ನಾನು ಹುಟ್ಟಿದಾಗಿಂದ ಕೇಳಿಲ್ಲ. ನನಗ ಗೊತ್ತಿಲ್ಲದಂಗ ಚಪ್ಪಲಿ ಬಿಟ್ಟು ನಿಂತಿದ್ದೆ.

ಹಾಡು ಮುಗೀತು. ಪರದೆನೂ ನಿಂತಿತು.

"ಅದು ಮೂರನೇ ನಾಟಕದ್ದು, ತಂಗಿ," ಅಂದ್ರು ಮಾಸ್ತರು. ಅವರ ಕಣ್ಣಾಗ ನೀರು. "ಮುಂಜಾನಿ ಮನಸಿನ್ಯಾಗ ಕಟ್ಟೀನಿ. ಯಾರ ಮುಂದೂ ಹಾಡಿಲ್ಲ."

"ಪೂರಾ ನೀವೇ ಕಟ್ಟಿದ್ದೇನ್ರಿ?"

"ಮೊದಲನೇ ನುಡಿ ಅಷ್ಟೇ ನಂದು. ಎರಡನೇದು ನಾನೂ ಈಗೇ ಕೇಳಿದ್ದು."

ಈಗ ಎರಡೂ ನುಡಿ ಹಾಡಾಕತ್ತೀವಿ. ಎರಡನೇದು ಬಂದ ಕೂಡಲೇ ಮಾಸ್ತರು ಪೇಟಿ ಬಿಟ್ಟು ಕೈ ಮುಗೀತಾರ. ಶೆಡ್ಡು ತಂಪಾಗ್ತದ.